ಲೋಕನಾಥನ ಸನ್ಮಾನ ಪತ್ರ

ಸನ್ಮಾನ ಮಾಡದೆ ಬಿಡುವ ಜನ ಅಲ್ಲ ನಮ್ಮ ಕಡೆಯವರು. ಹತ್ತು ಮಂದಿ ಸೇರಿದಲ್ಲಿ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಫ್ರೇಮು ಹಾಕಿದ ಒಂದು ಸನ್ಮಾನ ಪತ್ರ ಇಲ್ಲದಿದ್ದರೆ ಅದು ಕಾರ್ಯಕ್ರಮವೇ ಅಲ್ಲ. ಬಿ.ಸಿ.ರೋಡಿನ ಸಂಘದವರಿಗೂ ಈ ಸಲದ ವಾರ್ಷಿಕೋತ್ಸವಕ್ಕೆ ಒಬ್ಬ ಬೇಕಿತ್ತು. ಆಗ ಅವರಿಗೆ ಮಾಣಿಯ ಲೋಕನಾಥನ ನೆನಪಾಯಿತು.

ಅವನು ಜೈಲಿನಿಂದ ಬಂದು ಆಗಲೇ ಏಳು ತಿಂಗಳಾಗಿತ್ತು. ಕೊಲ್ಲಿಯ ಒಂದು ದೇಶದಲ್ಲಿ ಮೂರು ವರ್ಷ ಎಂಟು ತಿಂಗಳು ಒಳಗಿದ್ದ. ದೇಶದ ಹೆಸರು ಇಲ್ಲಿ ಬೇಡ, ನಮ್ಮೂರಿನ ಎಷ್ಟೋ ಮಕ್ಕಳು ಇವತ್ತಿಗೂ ಅಲ್ಲೇ ದುಡಿಯುತ್ತಿದ್ದಾರೆ. ಇಬ್ಬರ ಸಾವು ಅವನ ತಲೆಯ ಮೇಲಿತ್ತು. ಏನೂ ಮಾಡದೆ ಸುಮ್ಮನೆ ಒಳಗೆ ಹಾಕುತ್ತಾರಾ ಎಂದು ಹೋಟೆಲಿನಲ್ಲಿ ಮಾತಾಡುತ್ತಿದ್ದವರು ಅವನು ಬಂದು ಕೂತರೆ ಪೇಪರು ಬಿಡಿಸುತ್ತಿದ್ದರು. ಮಗಳು ನವ್ಯಾಳನ್ನು ನೋಡಲು ಬರುತ್ತೇವೆ ಎಂದ ಎರಡು ಮನೆಯವರು ಬರಲೇ ಇಲ್ಲ.

ಹಾಗಿರುವಾಗ ಸಂಘದ ಕಾರ್ಯದರ್ಶಿ ಸನ್ಮಾನ ಪತ್ರದ ಕರಡು ಹಿಡಿದುಕೊಂಡು ಮನೆಗೇ ಬಂದ.

"ಇನಿಷಿಯಲ್ ಎಲ್ಲ ಸರಿ ಉಂಟಾ ನೋಡಿ ಲೋಕನಾಥಣ್ಣ. ಸರಿ ಇದ್ರೆ ಕೆಳಗೆ ಒಂದು ಸೈನ್ ಹಾಕಿ ಕೊಡಿ. ಪ್ರಿಂಟಿಗೆ ಕೊಡ್ಲಿಕ್ಕೆ ಉಂಟು."

'ದುಷ್ಟ ರಾಷ್ಟ್ರವೊಂದರ ಕರಾಳ ಸೆರೆಯಲ್ಲಿ ನಲುಗಿದರೂ ಎದೆಗುಂದದ ನಿರಪರಾಧಿ' ಎಂದು ಶುರುವಾಗುತ್ತಿತ್ತು ಪತ್ರ. ಲೋಕನಾಥ ಕೊನೆಯ ಪದವನ್ನು ಮೂರು ಸಲ ಓದಿದ. ಆ ಪದ ಅವನಿಗೆ ಯಾವ ಕೋರ್ಟಿನಿಂದಲೂ ಸಿಕ್ಕಿರಲಿಲ್ಲ. ಹಬ್ಬದ ಕ್ಷಮಾದಾನದಲ್ಲಿ ಬಿಡುಗಡೆಯಾದವನು ಅವನು. ಕ್ಷಮಿಸುವುದು ತಪ್ಪು ಮಾಡಿದವನನ್ನು ತಾನೇ? ನಿರಪರಾಧಿ ಎಂದು ಊರಿನ ಮುಂದೆ ಯಾರಾದರೂ ಒಮ್ಮೆ ಓದಿ ಹೇಳಿದರೆ ಸಾಕು ಎಂದು ಅವನು ಎಷ್ಟು ಆಸೆಪಟ್ಟಿದ್ದನೆಂದರೆ, ಸಂತೋಷಕ್ಕೆ ಅಕ್ಷರಗಳೇ ಮಂಜಾದವು.

ಕೊನೆಯ ಸಾಲು ಮಾತ್ರ ಸ್ಪಷ್ಟವಾಗಿಯೇ ಕಂಡಿತು. ಶಾಲು ಹೊದಿಸುವವರು, ಸಂಘದ ಕಟ್ಟಡಕ್ಕೆ ಛಾವಣಿ ಹಾಕಿಸಿಕೊಟ್ಟ ಕೊಡುಗೈ ದಾನಿ, ಮೂಡುಬಿದಿರೆಯ ಶ್ರೀ ರಂಜಿತ್.

ಕೊಲ್ಲಿಯ ಆ ದೇಶದ ಕಟ್ಟಡದ ಕೆಲಸದಲ್ಲಿ ಲೋಕನಾಥ ಫೋರ್‌ಮನ್, ರಂಜಿತ್ ಮ್ಯಾನೇಜರ್. ಏಳನೇ ಮಾಳಿಗೆಗೆ ಕಟ್ಟಿದ ಅಟ್ಟಣಿಗೆಯ ಪೈಪು ಬಿಗಿಯುವ ಕ್ಲಾಂಪುಗಳು ಹಳತು, ಬದಲಿಸದೆ ಆಗುವುದಿಲ್ಲ ಎಂದು ಲೋಕನಾಥ ಹೇಳಿದ್ದ. ಇದೊಂದು ವಾರ ಸುಧಾರಿಸು ಎಂದವನು ರಂಜಿತ್. ನಾಲ್ಕನೇ ದಿನ ಅಟ್ಟಣಿಗೆ ಕುಸಿದು ಇಬ್ಬರು ನೇಪಾಳಿಗಳು ಸತ್ತರು. ಪೊಲೀಸರು ಬಂದಾಗ ನಮ್ಮವರಲ್ಲಿ ಅರಬಿ ಬಲ್ಲವನು ರಂಜಿತ್ ಒಬ್ಬನೇ. ಅವನೇ ಒಂದು ಕಾಗದ ತಂದು ತುಳುವಿನಲ್ಲಿ, ಅಷ್ಟು ಪ್ರೀತಿಯಲ್ಲಿ, "ಸಾಕ್ಷಿ ಅಂತ ಒಂದು ಸೈನ್ ಹಾಕು ಲೋಕನಾಥ, ನಾಡಿದ್ದಿಗೆ ಊರಿಗೆ ಹೋಗ್ಬಹುದು" ಎಂದ. ಅಟ್ಟಣಿಗೆ ಕಟ್ಟಿದ ಮೆಲ್ಕಾರಿನ ಅಜ್ಮಲನಿಗೂ ಹಾಗೆಯೇ ಹೇಳಿದ. ಇಬ್ಬರೂ ಸೈನ್ ಹಾಕಿದರು. ತಪ್ಪೆಲ್ಲ ನಮ್ಮದೇ ಎಂದು ಅದರಲ್ಲಿ ಬರೆದಿದೆ ಎಂಬುದು ತಿಳಿದದ್ದು ಜೈಲಿನಲ್ಲಿ, ಒಬ್ಬ ಮುದಿ ವಾರ್ಡನ್ ಮುರುಕು ಹಿಂದಿಯಲ್ಲಿ ಓದಿ ಹೇಳಿದಾಗ. ಆ ವಾರ್ಡನ್ ಅದೇ ದೇಶದವನು. ಇವರಿಬ್ಬರ ಕ್ಷಮಾದಾನದ ಅರ್ಜಿ ಬರೆದುಕೊಟ್ಟವನೂ ಅವನೇ.

ಕರಡನ್ನು ಎರಡು ದಿನ ಇಟ್ಟುಕೊಳ್ಳುತ್ತೇನೆ ಎಂದು ಹೇಳಿ ಲೋಕನಾಥ ಮೆಲ್ಕಾರಿಗೆ ಹೋದ. ಅಜ್ಮಲ್ ಈಗ ಅಲ್ಲಿ ಆಟೋ ಓಡಿಸುತ್ತಾನೆ. ಅದೇ ಕೇಸು, ಅದೇ ಜೈಲು, ಅದೇ ದಿನ ಬಿಡುಗಡೆ. ಅವನ ಮನೆಗೆ ಯಾವ ಕಾರ್ಯದರ್ಶಿಯೂ ಹೋಗಿರಲಿಲ್ಲ. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಮಲ್ ಆಟೋದಲ್ಲೇ ಕೂತು ಕರಡು ಓದಿದ.

"ಇದ್ರಲ್ಲಿ ಸುಳ್ಳೆಂಥದ್ದು ಲೋಕಣ್ಣ? ಆ ಸರ್ಕಾರ ದುಷ್ಟವೇ. ಜಡ್ಜ್ ನಮ್ಮ ಮುಖ ನೋಡಿದ್ದಾನಾ? ನಮ್ಮ ಭಾಷೆಯಲ್ಲಿ ಒಂದು ಮಾತು ಕೇಳಿದ್ದಾನಾ?"

"ವಾರ್ಡನ್ ಇದ್ದನಲ್ಲ ಮಾರಾಯ?"

"ಅವ ಒಬ್ಬ ಒಳ್ಳೆಯವ ಅಂತ ಸರ್ಕಾರ ಒಳ್ಳೇದಾಗ್ತದಾ?"

"ಸರ್ಕಾರ ಕೆಟ್ಟದ್ದು ಅಂತ ರಂಜಿತ್ ಒಳ್ಳೆಯವ ಆಗ್ತಾನಾ?"

ಅಜ್ಮಲ್ ಕರಡನ್ನು ಮಡಚಿ ವಾಪಸು ಕೊಟ್ಟ. "ಹಾಗಾದ್ರೆ ಅವನ ಹೆಸರು ಬರೆ. ಅಷ್ಟೇ" ಎಂದ.

ಲೋಕನಾಥ ಬರೆದ. 'ದುಷ್ಟ ರಾಷ್ಟ್ರ' ಎಂಬುದನ್ನು ಹೊಡೆದು ಹಾಕಲಿಲ್ಲ. ಆ ಕೋರ್ಟನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ಅವನಿಗೂ ಇರಲಿಲ್ಲ. ಅದರ ಪಕ್ಕದಲ್ಲಿ, ಮ್ಯಾನೇಜರ್ ರಂಜಿತ್ ಸುಳ್ಳು ಹೇಳಿ ಹಾಕಿಸಿದ ಸೈನಿನಿಂದ ನಾನೂ ಮೆಲ್ಕಾರಿನ ಅಜ್ಮಲನೂ ಜೈಲಿಗೆ ಹೋದೆವು ಎಂದು ದುಂಡಗೆ ಬರೆದಿಟ್ಟ.

ಎರಡು ದಿನ ಬಿಟ್ಟು ಮನೆಗೆ ಬಂದ ಕಾರ್ಯದರ್ಶಿ ಅದನ್ನು ಓದಿ ಸಿಟ್ಟಾಗಲಿಲ್ಲ. ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದ. "ನೋಡಿ ಲೋಕನಾಥಣ್ಣ, ದೇಶವನ್ನು ಬಯ್ದ್ರೆ ದೇಶ ಬಂದು ನಮ್ಮ ಮೇಲೆ ಕೇಸ್ ಹಾಕುವುದಿಲ್ಲ. ಮನುಷ್ಯರನ್ನು ಬಯ್ದ್ರೆ ಹಾಕ್ತಾರೆ. ಈ ಸಾಲು ಇರ್ಲೇಬೇಕಾದ್ರೆ ಸನ್ಮಾನವೇ ಬಿಟ್ಟುಬಿಡುವ. ನಿರಪರಾಧಿ ಅಂತ ನೀವೇ ಮನೆಮನೆಗೆ ಹೋಗಿ ಹೇಳಿಕೊಳ್ಳಿ." ಚೀಲದೊಳಗಿನಿಂದ ಹೊಸ ಪ್ರತಿ ತೆಗೆದು ಮೇಜಿನ ಮೇಲಿಟ್ಟ. ಮೊದಲೇ ತಂದಿದ್ದ, ಚಾಲಾಕಿ.

ಹೆಂಡತಿ ಶಶಿಪ್ರಭಾ ಬಾಗಿಲಲ್ಲಿ ನಿಂತಿದ್ದಳು. "ಸತ್ಯ ಹೇಳಿ ನಮಗೆ ಏನಾಗ್ಬೇಕು ಮಾರಾಯ್ರೆ? ಹುಡುಗಿ ಮನೆಯಲ್ಲಿ ಉಂಟಲ್ಲ" ಎಂದಳು. ನವ್ಯಾ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ.

ಅಂದು ಸೈನ್ ಹಾಕಿದ ಕಾಗದ ಅವನಿಗೆ ಓದಲು ಬರುತ್ತಿರಲಿಲ್ಲ. ಈ ಸಲ ಅಕ್ಷರ ಬಿಡದೆ ಓದಿ ಸೈನ್ ಹಾಕಿದ.

ಭಾನುವಾರ ಸಭಾಂಗಣ ತುಂಬಿತ್ತು. ಪತ್ರ ಓದಿದರು, ನಿರಪರಾಧಿ ಎಂಬಲ್ಲಿ ಜೋರು ಚಪ್ಪಾಳೆ ಬಿತ್ತು. ರಂಜಿತ್ ಶಾಲು ಹೊದಿಸಿ, ಕಿವಿಯ ಹತ್ತಿರ ಬಾಗಿ, "ಹಳತೆಲ್ಲ ಬಿಟ್ಟುಬಿಡುವ ಆಯ್ತಾ" ಎಂದ. ಆಮೇಲೆ ಮೈಕ್ ಹಿಡಿದು, ಇಂಥ ಪಾಪಿ ದೇಶವನ್ನು ದೇವರೂ ಕ್ಷಮಿಸಲಾರ ಎಂದು ಗಂಟಲು ತುಂಬಿ ಮಾತಾಡಿದ. ಸಭೆ ಚಪ್ಪಾಳೆ ತಟ್ಟಿತು. ಲೋಕನಾಥನ ಕೈಯೂ ತಟ್ಟಿತು. ತನ್ನ ಕೈಯನ್ನು ನೋಡಿ ಅವನಿಗೇ ಹೇಸಿಗೆಯಾಯಿತು.

ಮನೆಗೆ ಕರೆದೊಯ್ಯಲು ಅಜ್ಮಲ್ ಆಟೋ ತಂದು ಹೊರಗೆ ಕಾಯುತ್ತಿದ್ದ. ಶಶಿಪ್ರಭಾಳೂ ನವ್ಯಾಳೂ ಹಣ್ಣಿನ ಬುಟ್ಟಿ ಹಿಡಿದು ಹತ್ತಿದರು. ಅಜ್ಮಲ್ ಲೋಕನಾಥನ ಕೈಯಿಂದ ಫ್ರೇಮು ತೆಗೆದುಕೊಂಡು ಬೆಳಕಿಗೆ ಹಿಡಿದು ಕೊನೆಯ ತನಕ ಓದಿದ.

"ನನ್ನ ಹೆಸರು ಇಲ್ಲ" ಎಂದ.

"ಇಲ್ಲ."

"ಅವನದ್ದು ಉಂಟು."

ಅಜ್ಮಲ್ ಫ್ರೇಮು ವಾಪಸು ಕೊಟ್ಟು ಆಟೋ ಸ್ಟಾರ್ಟ್ ಮಾಡಿದ. ಮಾಣಿಯಲ್ಲಿ ಅವರು ಇಳಿಯುವಾಗ ಹೇಳಿದ, "ಆ ದುಷ್ಟ ದೇಶದಲ್ಲಿ ನಮ್ಮಿಬ್ಬರನ್ನೂ ಒಂದೇ ಕೋಣೆಗೆ ಹಾಕಿದ್ರು ಲೋಕಣ್ಣ."