ಎರಡು ನಿಮಿಷ ಮತ್ತು ಅಪ್ಪನ ರುಮಾಲು

ನಾನು ಚಿಕ್ಕವನಿದ್ದಾಗ ಚಿನ್ನದ ಗಣಿಯ ಉರಿಗಾಂ ಅಂದರೆ ನಮ್ಮ ಪಾಲಿಗೆ ಬೇರೆ ದೇಶವೇ ಆಗಿತ್ತು. ನಮ್ಮದು ಬಂಗಾರಪೇಟೆ ಕಡೆಯ ಹಳ್ಳಿ. ಅಪ್ಪ ದಿನಾ ಬೆಳಗ್ಗೆ ಹಾಲಿನ ಬಿಂದಿಗೆ ಹೊತ್ತು, ಗಣಿಯ ಬಿಳಿ ದೊರೆಗಳ ಬಂಗಲೆಗಳಿಗೆ ಹೋಗಿ ಕೊಟ್ಟು ಬರುತ್ತಿದ್ದ. ಎಷ್ಟೋ ದಿನ ನಾನೂ ಬೆನ್ನು ಹತ್ತುತ್ತಿದ್ದೆ. ದಾರಿಯುದ್ದಕ್ಕೂ ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಬೂದು ಧೂಳು, ಅದಿರು ಕುಟ್ಟುವ ಗಿರಣಿಯ ದಡದಡ ಸದ್ದು, ಪಾಳಿ ಬದಲಾದಾಗ ಕೂಗುವ ಸೈರನ್ನು, ನಮ್ಮವರ ಬಾಯಲ್ಲಿ ಸಂಗು. ಬಂಗಲೆಗಳ ಬೀದಿಗೆ ಕಾಲಿಟ್ಟರೆ ಮಾತ್ರ ಕತ್ತರಿಸಿದ ಹುಲ್ಲಿನ ವಾಸನೆ, ಕಾಯಿಸಿದ ಬ್ರೆಡ್ಡಿನ ಘಮ.

ದೊರೆಗಳ ರೀತಿ ರಿವಾಜನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಹೆಂಗಸರು ಎದುರಾದರೆ ಗಂಡಸರು ಟೋಪಿ ತೆಗೆಯುತ್ತಿದ್ದರು. ಮನೆಯೊಳಗೆ ಬಂದರೂ ತೆಗೆದು ಗೂಟಕ್ಕೆ ಹಾಕುತ್ತಿದ್ದರು. ನಮ್ಮಲ್ಲಿ ಅದಕ್ಕೆ ತದ್ವಿರುದ್ಧ. ದೊಡ್ಡವರ ಮುಂದೆ ಹೋಗಬೇಕಾದರೆ ಅಪ್ಪ ಮೊದಲು ರುಮಾಲು ಸುತ್ತುತ್ತಿದ್ದ. ಗಂಡಸು ನಾಲ್ಕು ಜನರ ನಡುವೆ ಬರೀ ತಲೆಯಲ್ಲಿ ನಿಲ್ಲುವುದು ಮನೆಯಲ್ಲಿ ಸಾವಾದಾಗ ಮಾತ್ರ.

ನಮ್ಮ ಚಿಕ್ಕಪ್ಪ ಮೊದಲನೇ ಮಹಾಯುದ್ಧದ ಕಾಲದಲ್ಲಿ ಪಟ್ಟಾಳಕ್ಕೆ ಸೇರಿ, ಸಾಮಾನು ಹೊರುವ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹಡಗು ಹತ್ತಿ ಬಸ್ರಾಗೆ ಹೋದವನು. ನಾನು ಹುಟ್ಟುವ ಮೊದಲಿನ ಮಾತು ಅದು. ಯುದ್ಧ ಮುಗಿದರೂ ಅವನು ಬರಲಿಲ್ಲ. ಕಾಣೆಯಾಗಿದ್ದಾನೆ ಎಂದು ಒಂದು ಕಾಗದ ಬಂತಂತೆ. ಸತ್ತ ಎಂದು ಅದರಲ್ಲಿ ಬರೆದಿರಲಿಲ್ಲವಾದ್ದರಿಂದ ಅಪ್ಪ ಅವನ ಹೆಸರಿನಲ್ಲಿ ಎಳ್ಳು ನೀರು ಬಿಟ್ಟಿರಲಿಲ್ಲ. ಅಜ್ಜಿಯಂತೂ, "ನನ್ ಮಗ ದೂರ ಅವ್ನೆ, ಬತ್ತಾನೆ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

ನನಗೆ ಎಂಟು ವರ್ಷವಿರಬೇಕು. ಕಾರ್ತಿಕ ಮಾಸ, ಹೊಲದಲ್ಲಿ ರಾಗಿ ತೆನೆ ಬಲಿಯುತ್ತಿತ್ತು. ನಾವು ಹಾಲು ಕೊಡುತ್ತಿದ್ದ ಬಂಗಲೆಯ ದೊರೆಸಾನಿ ಎದೆಯ ಮೇಲೆ ಬಟ್ಟೆಯ ಕೆಂಪು ಹೂವೊಂದನ್ನು ಚುಚ್ಚಿಕೊಂಡಿದ್ದಳು. ಅವಳ ಅಣ್ಣನೂ ಅದೇ ಯುದ್ಧದಲ್ಲಿ ತೀರಿಕೊಂಡಿದ್ದನಂತೆ, ಹೂವು ಅವನ ನೆನಪಿಗೆ. ಅವಳ ಮಾತನ್ನು ಬಟ್ಲರ್ ಅಪ್ಪನಿಗೆ ತಿಳಿಸಿದ.

"ಅಣ್ಣಾ, ನಾಳೆ ಅನ್ನೊಂದ್ ಗಂಟೆಗೆ ಗಣಿ ಸಂಗು ಕೂಗ್ತದೆ. ಯುದ್ಧದಾಗೆ ಸತ್ತೋದವ್ರ್‌ಗೋಸ್ಕರ ಎಲ್ರೂ ಎಲ್ಡು ನಿಮ್ಸ ಮಾತಿಲ್ದೆ ನಿಂತ್ಕೊಂತಾರೆ. ನಿನ್ ತಮ್ಮನೂ ಓದೋನಲ್ವಾ, ನೀನೂ ಬರ್ಬೇಕಂತೆ."

"ನನ್ ತಮ್ಮ ಸತ್ತಿಲ್ಲ ಕಣಣ್ಣಾ," ಎಂದ ಅಪ್ಪ. ಆಮೇಲೆ ದೊರೆಸಾನಿಯ ಮುಖ ನೋಡಿ, "ಆಯಮ್ಮ ಕರ್ದವ್ಳೆ. ಬತ್ತೀನಿ ಬಿಡು," ಎಂದು ಹಾಲು ಅಳೆಯಲು ಹಿತ್ತಲಿಗೆ ಹೋದ.

ಬಟ್ಲರ್ ನನ್ನ ತಲೆಯ ಮೇಲಿನ ಟೋಪಿಗೆ ಮೊಟಕಿದ. "ಏ ತಂಬಿ, ನಾಳೆ ಸಂಗು ಕೂಗಿದ್ ತಕ್ಷಣ ಇದನ್ನ ತೆಗ್ದು ಕೈಯಾಗೆ ಇಡ್ಕೋಬೇಕು. ಅದೇ ಅವ್ರ ಮರ್ಯಾದೆ. ತಲೆಯೊಳ್ಗೆ ಏನಾನ ಐತಾ ಅಂತ ದೊರೆಗಳೂ ನೋಡ್ಲಿ!"

ಈ ಮಾತು ಅಪ್ಪನ ಕಿವಿಗೆ ಬೀಳಲಿಲ್ಲ. ನಾನೂ ಹೇಳಲಿಲ್ಲ. ನನಗೊಬ್ಬನಿಗೇ ಗೊತ್ತು ಎಂಬ ಜಂಬ.

ಮಾರನೆಯ ದಿನ ಅಪ್ಪ ಮದುವೆ ಮನೆಗೆ ಹೋಗುವವನ ಹಾಗೆ ಸಿದ್ಧನಾದ. ಒಗೆದ ಪಂಚೆ, ಒಂದೇ ಒಂದು ಕೋಟು, ಪೆಟ್ಟಿಗೆಯಿಂದ ತೆಗೆದ ಜರಿಯಂಚಿನ ರುಮಾಲು. ಅದನ್ನು ಸುತ್ತುವುದಕ್ಕೇ ಅರ್ಧ ಗಳಿಗೆ ಹಿಡಿಯಿತು. ಮಡಿಕೆ ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಸುತ್ತಿದ. ಅಕ್ಕ ಕನ್ನಡಿ ಹಿಡಿದು ನಿಂತು ನಕ್ಕಳು: "ಏನಪ್ಪಾ, ದೊರೆಗೋಳು ಎಣ್ಣು ಕೊಡ್ತಾರಾ?"

ಉರಿಗಾಂನ ಮೈದಾನದಲ್ಲಿ ದೊರೆಗಳೆಲ್ಲ ಸಾಲಾಗಿ ನಿಂತಿದ್ದರು. ಹಿಂದೆ ಗಣಿಯ ಮೇಸ್ತ್ರಿಗಳು, ಬಟ್ಲರ್‌ಗಳು, ಅವರ ಹಿಂದೆ ನಾವು. ನನಗೆ ಕಾಣಲೆಂದು ಅಪ್ಪ ನನ್ನನ್ನು ಪಕ್ಕದ ಮೋಟುಗೋಡೆಯ ಮೇಲೆ ನಿಲ್ಲಿಸಿದ. ಸಂಗು ಕೂಗಿತು. ಜಟಕಾಗಳು ನಿಂತವು. ಟೋಪಿಗಳೆಲ್ಲ ಒಮ್ಮೆಗೇ ಕೆಳಗಿಳಿದವು. ನಾನೂ ನನ್ನದನ್ನು ತೆಗೆದೆ. ಮೇಸ್ತ್ರಿಗಳೂ ಬಟ್ಲರ್‌ಗಳೂ ತೆಗೆದರು. ಆ ಮೈದಾನದ ಗಂಡಸರಲ್ಲಿ ಮುಚ್ಚಿದ ತಲೆ ಒಂದೇ ಒಂದು ಉಳಿಯಿತು. ಅಪ್ಪ ಕೈ ಮುಗಿದು ಕಣ್ಣು ಮುಚ್ಚಿ ನಿಂತಿದ್ದ. ದೊರೆಗಳ ಹುಡುಗನೊಬ್ಬ ತಿರುಗಿ ನೋಡಿ ತನ್ನ ತಂಗಿಯ ಮೊಣಕೈ ತಿವಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

ನನ್ನ ಕಿವಿ ಬಿಸಿಯಾಯಿತು. ನನ್ನಪ್ಪನಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು. ಕೈ ಚಾಚಿ ರುಮಾಲು ಹಿಡಿದು ಎಳೆದುಬಿಟ್ಟೆ.

ಅದು ಟೋಪಿಯ ಹಾಗೆ ಸುಮ್ಮನೆ ಕಳಚಿ ಬರಲಿಲ್ಲ. ಸುತ್ತು ಸುತ್ತಾಗಿ ಬಿಚ್ಚಿ, ಅಪ್ಪನ ಮುಖದ ಮೇಲೆ, ಹೆಗಲ ಮೇಲೆ ಜಾರುತ್ತಾ ಒಂದು ತುದಿ ಮಣ್ಣಿಗೆ ಬಿತ್ತು. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಅಪ್ಪ ಕಣ್ಣು ಬಿಟ್ಟು ನನ್ನನ್ನು ನೋಡಿದ. ಬೇರೆ ಹೊತ್ತಾಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದ. ಆದರೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾರೆ, ಮಾತಾಡುವಂತಿಲ್ಲ, ಅಲುಗುವಂತಿಲ್ಲ. ಅವನ ಜುಟ್ಟು ಗಾಳಿಗೆ ಅಲುಗುತ್ತಿತ್ತು. ಹಾಗೆಯೇ ನಿಂತ. ನೋಡುನೋಡುತ್ತಿದ್ದಂತೆ ಕಣ್ಣಿಂದ ನೀರಿಳಿಯಿತು. ಅದನ್ನೂ ಒರೆಸಿಕೊಳ್ಳಲಿಲ್ಲ.

ಎಲ್ಲ ಮುಗಿದ ಮೇಲೆ ದೊರೆಸಾನಿ ನಮ್ಮ ಬಳಿಗೆ ಬಂದು, ಅಪ್ಪನ ಬರೀ ತಲೆ ನೋಡಿ, ಅವನ ಕೈ ಹಿಡಿದು ಏನೋ ಹೇಳಿದಳು. ಅವಳ ಕಣ್ಣೂ ಒದ್ದೆ. "ಬೋ ದೊಡ್ ಮನ್ಸು ಅಂತಾವ್ರೆ ಕಣಣ್ಣಾ," ಎಂದ ಬಟ್ಲರ್. ಅಪ್ಪ ತಲೆಯಾಡಿಸಿದ. ರುಮಾಲಿನ ಮಣ್ಣು ಕೊಡವಿ, ಮಡಿಸಿ ಕಂಕುಳಲ್ಲಿಟ್ಟುಕೊಂಡ.

ಅರ್ಧ ದಾರಿ ಬಂದರೂ ಕಟ್ಟಿಕೊಳ್ಳಲಿಲ್ಲ. "ಕಟ್ಕೋ ಅಪ್ಪಾ," ಎಂದೆ ಅಳುತ್ತಾ.

"ಬ್ಯಾಡ ಕಣ್ಲಾ. ಇಷ್ಟು ವರ್ಸ ಅವ್ನು ಸತ್ತ ಅಂತ ಒಂದ್ಸಲಾನೂ ಅನ್ಕೊಂಡಿರ್ಲಿಲ್ಲ. ಬರೀ ತಲೇಲಿ ನಿಂತ್ನಲ್ಲ, ಅನ್ಕೊಂಬಿಟ್ಟೆ. ಇನ್ನು ಅದ್ನ ಮನ್ಸಿಂದ ತೆಗ್ಯಾಕಾಗಲ್ಲ."

ಅಜ್ಜಿ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಮಗನ ಬರೀ ತಲೆ ದೂರದಿಂದಲೇ ಕಂಡಿತು. ಮೊರ ನಿಂತಿತು. "ಯಾರ್ಲಾ? ಯಾರು ಓದ್ರು?" ಎಂದಳು. ಅಪ್ಪ ಅವಳ ಕಾಲ ಬಳಿ ಕುಳಿತು, ಮಡಿಸಿದ ರುಮಾಲನ್ನು ಅವಳ ಮುಂದಿಟ್ಟ. ಅವಳಿಗೆ ತಿಳಿಯಿತು. ಆ ಕೂಗನ್ನು ನಾನು ಹೇಗೆ ಬರೆಯಲಿ? ಯಾವ ಕಾಗದವೂ ತರದ ಸುದ್ದಿಯನ್ನು ನಾನು ಮನೆಗೆ ತಂದಿದ್ದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಚಾಂಪಿಯನ್ ರೀಫ್ಸ್ ಗಣಿಗಿಳಿದು, ಯಾರ ಮುಂದೂ ಕೈ ಚಾಚದೆ ಬದುಕಿದೆ. ಆ ವಿಷಯದಲ್ಲಿ ನನಗೆ ಹೆಮ್ಮೆಯಿದೆ. ಆದರೆ ಅಪ್ಪನ ಮುಂದೆ ತಪ್ಪಾಯಿತು ಎನ್ನಲು ಮಾತ್ರ ನನಗೆ ಬಾಯಿ ಬರಲಿಲ್ಲ. ಅವನೂ ದೂರಲಿಲ್ಲ. ಮರ್ಯಾದೆ ಕೊಡಲೆಂದೇ ಅಷ್ಟು ಹೊತ್ತು ಸುತ್ತಿದ ರುಮಾಲು ಅದು ಎಂಬುದು ನನ್ನ ಮೀಸೆ ಬಲಿತ ಮೇಲೆ ಹೊಳೆಯಿತು. ಅಷ್ಟರಲ್ಲಿ ಅಪ್ಪ ಇರಲಿಲ್ಲ.

ಈಗ ದೊರೆಗಳಿಲ್ಲ. ಅವರ ಆ ಪದ್ಧತಿ ಮಾತ್ರ ಮೊಮ್ಮಕ್ಕಳಾದ ನಿಮ್ಮ ಶಾಲೆಯಲ್ಲಿದೆ. ಜನವರಿಯ ಕೊನೆಯಲ್ಲಿ ಹುತಾತ್ಮರ ದಿನ ಬೆಳಗ್ಗೆ ಹನ್ನೊಂದಕ್ಕೆ ನೀವೂ ಎರಡು ನಿಮಿಷ ಮೌನವಾಗಿ ನಿಲ್ಲುತ್ತೀರಿ. ನಿಮ್ಮ ತಲೆಯ ಮೇಲೆ ರುಮಾಲಿಲ್ಲ, ಬಿಚ್ಚಿದರೆ ಹೋಗುವ ಮಾನವೂ ಇಲ್ಲ. ಮನೆಗೆ ಬಂದು ಕಾಲು ನೋಯಿತು, ಯಾರೋ ಕಿಸಕ್ಕೆಂದರು ಎಂದು ಹೇಳಿ ನಗುತ್ತೀರಿ. ನಗಿ, ನಾನು ಬೈಯುವುದಿಲ್ಲ. ಆ ಎರಡು ನಿಮಿಷ ಪಕ್ಕದವರು ಹೇಗೆ ನಿಂತಿದ್ದಾರೆ ಎಂದು ಮಾತ್ರ ನೋಡಬೇಡಿ, ಮಕ್ಕಳೇ. ನಾನು ನೋಡಿದೆ.