ಮೂರು ವಾರದ ಕಂಬಗಳು

ಎರಡನೇ ಮಹಾಯುದ್ಧಕ್ಕೆ ಒಂದು ವರ್ಷ ಮುಂಚೆ, ಮಳವಳ್ಳಿ ಕಡೆಯ ಒಂದು ಹಳ್ಳಿಗೆ ಶಿವನಸಮುದ್ರದ ಕರೆಂಟು ತರಲು ಕಂಬ ನೆಡುತ್ತಿದ್ದಾಗ ನಾನು ಆ ಕೆಲಸದ ಗುಮಾಸ್ತನಾಗಿದ್ದೆ. ನಮ್ಮ ಓವರ್‌ಸಿಯರು ಜನ್ಮದಲ್ಲಿ ಒಂದು ಗುಂಡಿ ತೋಡಿದವರಲ್ಲ. ಗಡುವು ಇಡುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ.

"ಎಷ್ಟು ದಿನ ಬೇಕು?" ಎಂದು ಅವರು ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿ ಮಳವಳ್ಳಿ ಪೇಟೆಯ ಸಾಬರು, ಕೆಲಸ ಬಲ್ಲವರು.

"ಐದಡಿ ಗುಂಡಿ, ಕೆಳಗೆಲ್ಲ ಬಂಡೆ. ಎಲ್ಡು ತಿಂಗ್ಳು ಬೇಕು ಸ್ವಾಮಿ."

"ಮೂರೇ ವಾರ. ದೊಡ್ಡ ಸಾಹೇಬರಿಗೆ ಮಾತು ಕೊಟ್ಟಾಗಿದೆ."

ಮಾತು ಕೊಟ್ಟ ಮೇಲೆ ಕೇಳಿದ್ದೇಕೆ ಎಂದು ಯಾರೂ ಕೇಳಲಿಲ್ಲ. ಮರುದಿನದಿಂದ ಅವರು ಆಳುಗಳನ್ನೆಲ್ಲ ಬೆಳಿಗ್ಗೆ ಹೊಂಗೆಮರದಡಿ ಕೂರಿಸಿಕೊಂಡು, ಕೆಲಸ ಏಕೆ ಸಾಗುತ್ತಿಲ್ಲವೆಂದು ಬಿಸಿಲು ನೆತ್ತಿಗೇರುವವರೆಗೂ ವಿಚಾರಿಸತೊಡಗಿದರು.

ಕೊನೆಗೊಂದು ದಿನ ಮೇಸ್ತ್ರಿ ಆಳುಗಳಿಗೆ ಹೇಳಿದರು: "ಎಲ್ಡೂವರೆ ಅಡಿ ಸಾಕು ಬುಡ್ರಲಾ. ಸಾಹೇಬ್ರೇನು ಗುಂಡಿಗಿಳಿದು ನೋಡಾಕಿಲ್ಲ."

ಗಡುವಿನ ದಿನ ದೊಡ್ಡ ಸಾಹೇಬರು ಬಂದರು. ಸಾಲಾಗಿ ನಿಂತ ಕಂಬಗಳನ್ನು ನೋಡಿ, "ಎಷ್ಟು ಎತ್ತರವಾಗಿವೆ!" ಎಂದು ಮೆಚ್ಚಿಕೊಂಡರು. ಓವರ್‌ಸಿಯರು ಬಡ್ತಿ ಪಡೆದು ಮಂಡ್ಯಕ್ಕೆ ಹೋದರು. ಮುಂದಿನ ಗಾಳಿಮಳೆಗೆ ಕಂಬಗಳು ರಾಗಿ ಹೊಲದಲ್ಲಿ ಮಲಗಿದವು.

ಐದಡಿ ತೋಡಿ ಅವನ್ನು ಮತ್ತೆ ನಿಲ್ಲಿಸಲು ಸರಿಯಾಗಿ ಎರಡು ತಿಂಗಳು ಹಿಡಿಯಿತು. ಅದಕ್ಕೆ ಯಾರೂ ಗಡುವು ಇಡಲಿಲ್ಲ, ಏಕೆಂದರೆ ಕಾಗದದ ಮೇಲೆ ಅದು ಬರೀ ರಿಪೇರಿ. ಕೆಲಸವಂತೂ ಮೂರು ವಾರದಲ್ಲೇ ಮುಗಿದಿತ್ತು. ಹಾಗೆಂದು ದುಂಡಗಿನ ಅಕ್ಷರದಲ್ಲಿ ಬರೆದವನು ನಾನೇ.