ಸಪ್ಪಳವಿಲ್ಲದ ರೊಟ್ಟಿ

ಬೆಟಗೇರಿಯ ನಮ್ಮ ಓಣಿಯಲ್ಲಿ ಬೆಳಗಾಗುವುದೇ ರೊಟ್ಟಿ ಬಡಿಯುವ ಸಪ್ಪಳದಿಂದ. ಪಕ್ಕದ ಮನೆಯಲ್ಲಿ ಈಗ ಶುರುವಾಗಿದೆ. ನಮ್ಮ ಅಡುಗೆಮನೆಯಲ್ಲಿ ಮಾತ್ರ ಸಪ್ಪಳವಿಲ್ಲ, ನಾನು ಲಟ್ಟಿಸುತ್ತಿದ್ದೇನೆ. ನೆಗೆಣ್ಣಿ ಶಾಂತಾ ಬಾಗಿಲಲ್ಲಿ ನಿಂತು ನಗುತ್ತಾಳೆ.

"ಅಕ್ಕಾರ, ನೇಪಾಳಕ್ಕ ಹೋಗಿ ಬಡಿಯೋದ ಮರತ ಬಂದ್ರಿ ನೋಡ್ರಿ."

ಲಕ್ಷ್ಮೇಶ್ವರದ ನನ್ನ ತವರಿನಲ್ಲಿ ಇದು ಸಣ್ಣ ಮಾತಲ್ಲ. ಬರೀ ಸಪ್ಪಳ ಕೇಳಿ ಅವ್ವ ಓಣಿಯ ಸೊಸೆಯಂದಿರಿಗೆಲ್ಲ ಅಂಕ ಕೊಡುತ್ತಿದ್ದಳು. ಲಟ್ಟಿಸುವವರೆಂದರೆ ನಮಗೆ ಕೈಲಾಗದವರು. ಈ ಜಂಬವನ್ನೂ ಒಂದು ಚೀಲ ಜೋಳದ ಹಿಟ್ಟನ್ನೂ ಕಟ್ಟಿಕೊಂಡು, ಶಿಕ್ಷಕಿ ಕೆಲಸದಿಂದ ನಿವೃತ್ತಳಾದ ವರ್ಷ ನಾನು ನೇಪಾಳದ ಗುಡ್ಡದ ಮೇಲಿನ ಶಾಲೆಯೊಂದಕ್ಕೆ ಹೋದೆ. ಊರವರೇ ಸೇರಿ ನಡೆಸುವ ಶಾಲೆ. ಮನೆಯಲ್ಲಿ ಇರಲಾಗದ ಮಕ್ಕಳು ಅಲ್ಲೇ ಉಳಿಯುತ್ತಾರೆ. ಸಂಬಳವಿಲ್ಲದೆ ಗಣಿತ ಕಲಿಸುವುದಷ್ಟೇ ನನ್ನ ಕೆಲಸ. ಆದರೆ ನಾನು ಸುಮ್ಮನೆ ಕೂರುವ ಪೈಕಿಯವಳಲ್ಲ. ಅಲ್ಲಿ ಶನಿವಾರ ಸೂಟಿ. ಮೊದಲ ಸೂಟಿಯಂದೇ ಒಲೆಯ ಮುಂದೆ ಕುಳಿತು, ತವರಿನ ಮಾನ ಉಳಿಸುವಂತೆ ರೊಟ್ಟಿ ಬಡಿದೆ.

ಮಕ್ಕಳು ಸುತ್ತ ನೆರೆದು ಕುಣಿದರು. ಹೊಸದಾಗಿ ಬಂದಿದ್ದ ಪುಟ್ಟ ಕೋಪಿಲಾ ಮಾತ್ರ ಕಾಣಲಿಲ್ಲ. ಹುಡುಕಿದರೆ ಕಟ್ಟಿಗೆ ರಾಶಿಯ ಹಿಂದೆ ಕಿವಿ ಮುಚ್ಚಿಕೊಂಡು ಕೂತಿದ್ದಳು. ಅಡುಗೆಯ ದೀದಿ ಹಿಂದಿಯಲ್ಲಿ ಮೆಲ್ಲಗೆ ತಿಳಿಸಿದಳು: ಈ ಮಗುವಿನ ಮನೆಯಲ್ಲಿ ಅಂಥ ಸಪ್ಪಳ ಕೇಳಿತೆಂದರೆ ಮುಂದಿನ ಪೆಟ್ಟು ಇವಳಿಗೇ. ಅಂದು ಕೋಪಿಲಾ ಊಟಕ್ಕೂ ಬರಲಿಲ್ಲ. ನನಗೆ ಅಳು ಬಂತು.

ಮರುದಿನವೇ ಲಟ್ಟಣಿಗೆ ಹಿಡಿದೆ. ನಿಮಗೆ ಗೊತ್ತಲ್ಲ, ಜೋಳದ ಹಿಟ್ಟು ಲಟ್ಟಣಿಗೆಗೆ ಸುಲಭವಾಗಿ ಒಗ್ಗುವುದಿಲ್ಲ. ಅಂಚು ಹರಿದ ನನ್ನ ರೊಟ್ಟಿಗಳನ್ನು ಅವ್ವ ನೋಡಿದ್ದರೆ ಎಮ್ಮೆಗೆ ಹಾಕುತ್ತಿದ್ದಳು. ಕೋಪಿಲಾ ಕಟ್ಟಿಗೆ ರಾಶಿಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಯ ಹತ್ತಿರಕ್ಕೆ ಬರಲು ಎಷ್ಟೋ ವಾರ ಹಿಡಿಯಿತು. ಅಷ್ಟರಲ್ಲಿ ನನ್ನ ಹಿಟ್ಟು ಮುಗಿದು, ಅಲ್ಲಿನ ಗೋವಿನಜೋಳದ ಹಿಟ್ಟಿಗೆ ಇಳಿದಿದ್ದೆವು. ಒಂದು ದಿನ ಅವಳಾಗಿಯೇ ಪಕ್ಕ ಬಂದು ಕೂತು, ಹರಿದ ರೊಟ್ಟಿಯೊಂದನ್ನು ಎತ್ತಿಕೊಂಡು ತಿಂದಳು. ಜೀವ ತಂಪಾಯಿತು. ಸಪ್ಪಳ ಮಾಡದ ಈ ರೂಢಿ ನನ್ನ ಜೊತೆ ಊರಿಗೂ ಬಂತು.

ಇದನ್ನೆಲ್ಲ ಶಾಂತಾಗೆ ಹೇಳಬೇಕೆನ್ನುವಷ್ಟರಲ್ಲಿ ಫೋನು. ದೀದಿಯ ವಿಡಿಯೋ ಕರೆ. ಪರದೆಯ ತುಂಬ ಕೋಪಿಲಾ, ಮುಂದೆ ಹಿಟ್ಟಿನ ಉಂಡೆ. ನನ್ನನ್ನೇ ನೋಡುತ್ತ ಅಂಗೈ ಎತ್ತಿ ಒಮ್ಮೆ ಬಡಿದಳು. ತಡೆದು, ದೀದಿಯ ಮುಖ ನೋಡಿದಳು. ಆಮೇಲೆ ಜೋರಾಗಿ ಬಡಿಯತೊಡಗಿದಳು, ಬಡಿಯುತ್ತ ನಗತೊಡಗಿದಳು.

ಶಾಂತಾ ಬಗ್ಗಿ ನೋಡಿದಳು. "ಯಾರ ಕೂಸರಿ ಇದು?"

"ನಮ್ಮದ," ಎಂದೆ.